ಶಿಕ್ಷಕರನ್ನು ಶಾಸನದ ಮುಂದೆ ಕೂರಿಸಲು ದುಡ್ಡು ಎಲ್ಲಿಂದ? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲಾ ಶಿಕ್ಷಕರನ್ನು ಬಾದಾಮಿ, ಐಹೊಳೆಯಂಥ ಜಾಗಗಳಿಗೆ ಕರೆದುಕೊಂಡು ಹೋಗಿ, ಎರಡು ದಿನ ಅಲ್ಲೇ ಕೂತು ಇತಿಹಾಸ ಓದುವ ಕಾರ್ಯಾಗಾರಗಳನ್ನು ನಾವು ಕೆಲವು ಗೆಳೆಯರು ನಡೆಸುತ್ತೇವೆ. ಫೋನಿನಲ್ಲಿ, ಪತ್ರಗಳಲ್ಲಿ, ಬಸ್ಸಿಗೆ ಕಾಯುವಾಗಿನ ಮಾತಿನಲ್ಲಿ ಬಂದ ಪ್ರಶ್ನೆಗಳು ಇಲ್ಲಿವೆ. ಬಹುಪಾಲು ದುಡ್ಡಿನ ಬಗ್ಗೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇವೆ.

## ಮೊದಲಿಗೆ

ಇದು ಟೂರ್ ಅಲ್ವಾ? ಕಾರ್ಯಾಗಾರ ಅಂತ ಯಾಕೆ ಕರೀತೀರಿ?

ಟೂರಿನಲ್ಲಿ ಒಂದು ದಿನಕ್ಕೆ ಹತ್ತು ಜಾಗ ನೋಡುತ್ತೀರಿ. ನಾವು ಒಂದು ಕಲ್ಲಿನ ಮುಂದೆ ಮೂರು ಗಂಟೆ ಕೂರುತ್ತೇವೆ.

ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರದ್ದು. ಅದರಲ್ಲಿರುವ 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ' ಎಂಬ ಸಾಲು ಎಲ್ಲ ಮೇಷ್ಟ್ರುಗಳಿಗೂ ಬಾಯಿಪಾಠ. ಆದರೆ ಅಕ್ಷರ ಅಕ್ಷರ ಕೂಡಿಸಿಕೊಂಡು ಅದನ್ನು ಕಲ್ಲಿನಿಂದಲೇ ಓದಿದವರು ಕಡಿಮೆ. ಒಮ್ಮೆ ನಮ್ಮ ಜೊತೆ ಬಂದಿದ್ದ ಒಬ್ಬ ಅಕ್ಕೋರು ಆ ಮೂರು ಸಾಲನ್ನು ಎರಡು ಸಲ ಮೆಲ್ಲಗೆ ಓದಿಕೊಂಡರು. ಮೂರನೇ ಸಲ ಬೀಸುಕಲ್ಲಿನ ಪದದ ಧಾಟಿಯಲ್ಲಿ ಹಾಡಿಬಿಟ್ಟರು. ಅದು ತ್ರಿಪದಿ. ಅವರ ಅವ್ವ ಜೋಳ ಬೀಸುವಾಗ ಹಾಡುತ್ತಿದ್ದ ಧಾಟಿಗೆ ಅದು ಹೊಂದಿಕೊಂಡಿತು. 1,300 ವರ್ಷ ಹಳೆಯ ಕಲ್ಲಿಗೂ ಅವರ ಮನೆಗೂ ನಂಟು ಇದೆ ಅಂತ ನಾವು ಹೇಳಿಕೊಡಬೇಕಾಗಲಿಲ್ಲ. ಕಾರ್ಯಾಗಾರ ಅನ್ನುವುದು ಇದಕ್ಕೆ.

ಪಾಠಪುಸ್ತಕದಲ್ಲೇ ಎಲ್ಲ ಇದೆಯಲ್ಲ, ಅಲ್ಲಿಗೇ ಹೋಗಬೇಕಾ?

ಪುಸ್ತಕದಲ್ಲಿ ಉತ್ತರ ಇರುತ್ತದೆ. ಜಾಗಕ್ಕೆ ಹೋದರೆ ಪ್ರಶ್ನೆ ಹುಟ್ಟುತ್ತದೆ. 'ಐಹೊಳೆ ಶಾಸನವನ್ನು ಬರೆದವನು ರವಿಕೀರ್ತಿ' ಎಂಬುದು ಒಂದು ಅಂಕದ ಉತ್ತರ. ಮೇಗುತಿ ಗುಡ್ಡ ಹತ್ತಿ ನೋಡಿ. ಆ ಶಾಸನ ಇರುವುದು ಜೈನ ಬಸದಿಯ ಗೋಡೆಯಲ್ಲಿ. ಬಸದಿ ಕಟ್ಟಿಸಿದ ಕವಿ ಅಲ್ಲಿ ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳನ್ನೆಲ್ಲ ವರ್ಣಿಸುತ್ತಾನೆ. ಕೊನೆಗೆ ತನ್ನನ್ನು ಕಾಳಿದಾಸ, ಭಾರವಿಗೆ ಹೋಲಿಸಿಕೊಳ್ಳುತ್ತಾನೆ. ಶಕ ವರ್ಷ 556 ಅಂತ ಕಾಲವನ್ನೂ ಬರೆದಿದ್ದಾನೆ, ಅಂದರೆ ಕ್ರಿ.ಶ. 634-35. ಕಾಳಿದಾಸ ಅದಕ್ಕಿಂತ ಮೊದಲಿನವನು ಎಂದು ಖಚಿತವಾಗಿ ಹೇಳಲು ವಿದ್ವಾಂಸರು ಹಿಡಿದುಕೊಂಡದ್ದು ಇದೇ ಗೋಡೆಯನ್ನು. ಬಸದಿ ದಾಟಿ ನಾಲ್ಕು ಹೆಜ್ಜೆ ಹೋದರೆ ಬೃಹತ್ ಶಿಲಾಯುಗದ ಕಲ್ಗೋರಿಗಳು. ಒಂದೇ ಗುಡ್ಡದ ಮೇಲೆ ಇಷ್ಟೂ ಇದೆ. ಅಲ್ಲಿ ನಿಂತು ಬಂದ ಮೇಷ್ಟ್ರು ಮರುದಿನ ಮಾಡುವ ಪಾಠವೇ ಬೇರೆ.

ಇಂಥದ್ದಕ್ಕೆಲ್ಲ ದುಡ್ಡು ಕೊಡೋರು ಯಾರಿದ್ದಾರೆ? ಸುಮ್ನೆ ಕನಸು ಅಲ್ವಾ?

ಕಲಿಸುವವರನ್ನು ಸಾಕುವ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. ಅದಕ್ಕೆ ಸಾಕ್ಷಿ ಕಲ್ಲಿನಲ್ಲೇ ಇದೆ.

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಒಂದು ಶಾಸನ ಸಿಕ್ಕಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಒಂದು ಶಾಲೆ ಕಟ್ಟಿಸಿದ. ದೂರದ ನಾಡುಗಳಿಂದ ಬಂದು ಓದುವವರಿಗೆ ಅಲ್ಲೇ ವಸತಿ. ಕಲಿಸುವವರಿಗೆ ಭೂಮಿ, ದೀಪದ ಖರ್ಚಿಗೆ ಬೇರೆ ಭೂಮಿ. ಊರಿನವರು ಮದುವೆ, ಮುಂಜಿ, ಚೌಲ ನಡೆದಾಗಲೆಲ್ಲ ಶಾಲೆಗೆ ಇಷ್ಟಿಷ್ಟು ಅಂತ ಕೊಡಬೇಕು. ಮಂತ್ರಿಯ ದೊಡ್ಡ ದುಡ್ಡೂ ಇತ್ತು, ಮದುವೆ ಮನೆಯ ಸಣ್ಣ ದುಡ್ಡೂ ಇತ್ತು.

ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ ನೋಡಿ. ಓದುವವರಿಗೆ, ಓದಿಸುವವರಿಗೆ ಮಾತ್ರವಲ್ಲ, ಪುಸ್ತಕ ಕಾಯುವ 'ಸರಸ್ವತೀ ಭಂಡಾರಿಗ'ರಿಗೂ ಅಲ್ಲಿ ಜೀವನಕ್ಕೆ ದಾರಿ ಮಾಡಿದ್ದಾರೆ. ಯಾರಾದರೂ 'ಇದು ಕನಸು' ಅಂದಾಗ ನಾವು ಈ ಎರಡು ಊರಿನ ಹೆಸರು ಹೇಳುತ್ತೇವೆ.

ಒಂದು ಕಾರ್ಯಾಗಾರಕ್ಕೆ ಎಷ್ಟು ದುಡ್ಡು ಬೇಕಾಗುತ್ತೆ? ಸರಿಯಾಗಿ ಲೆಕ್ಕ ಹೇಳಿ.

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಒಂದು ಮಾದರಿ ಲೆಕ್ಕ ಕೊಡುತ್ತೇವೆ. 30 ಶಿಕ್ಷಕರು, ನಡೆಸುವವರು 6 ಜನ, ಎರಡು ದಿನ, ಎರಡು ರಾತ್ರಿ. ದರಗಳು ಊರಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತವೆ. ನಿಮ್ಮ ಕಡೆಯ ದರ ಹಾಕಿಕೊಳ್ಳಿ.

ಊಟ, ತಿಂಡಿ, ಚಹಾ ತಲೆಗೆ ದಿನಕ್ಕೆ 350ರಂತೆ 25,200. ಸಾಮೂಹಿಕ ವಸತಿ ತಲೆಗೆ ರಾತ್ರಿಗೆ 300ರಂತೆ 21,600. ಸುತ್ತಾಡಲು ಬಸ್ಸು ಎರಡು ದಿನಕ್ಕೆ 24,000. ಇಬ್ಬರು ಸಂಪನ್ಮೂಲ ವ್ಯಕ್ತಿಗಳಿಗೆ ದಿನಕ್ಕೆ ಮೂರು ಸಾವಿರದಂತೆ 12,000. ಶಿಕ್ಷಕರು ತಮ್ಮ ಊರಿಂದ ಬಂದು ಹೋಗುವ ಖರ್ಚು ತಲೆಗೆ 600ರಂತೆ 18,000. ನೋಟ್‌ಬುಕ್, ಶಾಸನ ಪಾಠದ ಜೆರಾಕ್ಸ್, ಅಳತೆ ಟೇಪು, ಭೂತಗನ್ನಡಿಗೆ 7,500. ಸ್ಮಾರಕಗಳ ಟಿಕೆಟ್ಟಿಗೆ 3,300. ಆಮೇಲೆ ಆರು ತಿಂಗಳು ಶಾಲೆಗಳಿಗೆ ಹೋಗಿ ನೋಡುವ ಕೆಲಸಕ್ಕೆ 20,000. ಅನಿರೀಕ್ಷಿತ ಖರ್ಚಿಗೆ 6,400. ಒಟ್ಟು 1,38,000. ಒಬ್ಬ ಶಿಕ್ಷಕರಿಗೆ 4,600 ಬಿತ್ತು.

ಈಗ ಇದನ್ನು ತಿರುಗಿಸಿ ನೋಡಿ. ಒಬ್ಬ ಸಮಾಜ ವಿಜ್ಞಾನದ ಮೇಷ್ಟ್ರು ವರ್ಷಕ್ಕೆ 120 ಮಕ್ಕಳಿಗೆ ಪಾಠ ಮಾಡುತ್ತಾರೆ ಅಂದುಕೊಳ್ಳಿ. ಹತ್ತು ವರ್ಷಕ್ಕೆ 1,200 ಮಕ್ಕಳು. ಒಂದು ಮಗುವಿಗೆ ನಾಲ್ಕು ರೂಪಾಯಿಯೂ ಆಗುವುದಿಲ್ಲ. ದುಡ್ಡು ಕೇಳಲು ಹೋದಾಗ ಮೊದಲು ಈ ಲೆಕ್ಕ ಹೇಳಿ.

ಪಟ್ಟಿಯಲ್ಲಿ ಶಾಲು, ಹಾರ, ಫ್ಲೆಕ್ಸ್, ವೇದಿಕೆ ಇಲ್ಲ. ಬೇಕೆಂದೇ ಬಿಟ್ಟಿದ್ದೇವೆ. ಉದ್ಘಾಟನೆ, ಸಮಾರೋಪ ಅಂತ ಎರಡು ಅರ್ಧ ದಿನ ಹೋದರೆ, ಇರುವ ಎರಡು ದಿನದಲ್ಲಿ ಒಂದು ದಿನವೇ ಹೋದ ಹಾಗೆ.

ಶಿಕ್ಷಕರ ಹತ್ತಿರವೇ ಶುಲ್ಕ ತಗೊಂಡರೆ ಆಗಲ್ವಾ? ಸಂಬಳ ಬರುತ್ತಲ್ಲ.

ಎಲ್ಲರಿಗೂ ಒಂದೇ ಥರ ಸಂಬಳ ಬರುವುದಿಲ್ಲ. ಅತಿಥಿ ಶಿಕ್ಷಕರು, ಸಣ್ಣ ಖಾಸಗಿ ಶಾಲೆಗಳ ಟೀಚರ್‌ಗಳು ನಾಲ್ಕು ಸಾವಿರ ಕೊಟ್ಟು ಬರಲಾರರು. ಶುಲ್ಕ ಇಟ್ಟರೆ ಅವರೇ ಮೊದಲು ಬಿಟ್ಟುಹೋಗುತ್ತಾರೆ. ಅಷ್ಟೇ ಅಲ್ಲ, ಬ್ಯಾಂಕಿನವರನ್ನು ತರಬೇತಿಗೆ ಕಳಿಸಿದಾಗ ಖರ್ಚು ಬ್ಯಾಂಕಿನದು. ಮೇಷ್ಟ್ರಿಗೆ ಮಾತ್ರ ಯಾಕೆ ಸ್ವಂತ ಜೇಬು?

ನಾವು 300 ರೂಪಾಯಿ ಮುಂಗಡ ತಗೊಂಡು ಎರಡನೇ ದಿನ ಸಂಜೆ ವಾಪಸ್ ಕೊಡುತ್ತೇವೆ. ಹೆಸರು ಕೊಟ್ಟು ಬಾರದೆ ಇರುವವರು ಇದರಿಂದ ಕಡಿಮೆಯಾಗಿದ್ದಾರೆ.

## ದುಡ್ಡಿನ ದಾರಿಗಳು

ಸರ್ಕಾರದಿಂದ ಸಿಗಲ್ವಾ?

ಸಿಗುತ್ತದೆ, ಆದರೆ ಯಾವ ಬಾಗಿಲು ತಟ್ಟಬೇಕು ಅಂತ ಗೊತ್ತಿರಬೇಕು.

ಶಿಕ್ಷಕರ ತರಬೇತಿ ರಾಜ್ಯದಲ್ಲಿ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯ ಹೊಣೆ, ಜಿಲ್ಲೆಯಲ್ಲಿ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯಾದ ಡಯಟ್‌ನದು. ನಿಮ್ಮ ಕಾರ್ಯಾಗಾರವನ್ನು ಡಯಟ್ ತನ್ನ ವರ್ಷದ ತರಬೇತಿ ಯೋಜನೆಗೆ ಸೇರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಯೋಜನೆ ಮುಗಿದ ಮೇಲೆ ಹೋಗಬೇಡಿ, ತಯಾರಾಗುವಾಗಲೇ ಹೋಗಿ.

ಕೇಂದ್ರ ಸರ್ಕಾರದ ಕಡೆ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಅಂದರೆ ಸಿಸಿಆರ್‌ಟಿ ಇದೆ, 1979ರಲ್ಲಿ ಶುರುವಾದ ಸಂಸ್ಥೆ. ಕಲೆ, ಪರಂಪರೆಯ ಬಗ್ಗೆ ಸೇವೆಯಲ್ಲಿರುವ ಶಿಕ್ಷಕರಿಗೆ ತರಬೇತಿ ಕೊಡುವುದೇ ಅದರ ಕೆಲಸ. ಹೈದರಾಬಾದಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಅಲ್ಲಿಗೆ ನಿಮ್ಮ ತಾಲೂಕಿನ ಒಬ್ಬಿಬ್ಬರು ಹೋಗಿ ಬಂದರೆ ನಿಮಗೆ ಮನೆಯಲ್ಲೇ ಸಂಪನ್ಮೂಲ ವ್ಯಕ್ತಿಗಳು ಸಿಕ್ಕ ಹಾಗೆ. ಹೆಸರು ಹೋಗಬೇಕಾದ್ದು ಶಿಕ್ಷಣ ಇಲಾಖೆಯ ಮೂಲಕ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನೋಂದಾಯಿತ ಸಂಘಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ. ಕಾಲೇಜಿನ ಇತಿಹಾಸ ವಿಭಾಗ ಜೊತೆಗಿದ್ದರೆ ಭಾರತೀಯ ಇತಿಹಾಸ ಅನುಸಂಧಾನ ಪರಿಷತ್ತಿಗೂ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ.

ಒಂದು ಎಚ್ಚರಿಕೆ. ಸರ್ಕಾರದ ದುಡ್ಡು ಬಹಳ ಸಲ ಖರ್ಚಾದ ಮೇಲೆ ಕೈಗೆ ಬರುತ್ತದೆ. ಒಮ್ಮೆ ಒಂದು ಕಚೇರಿಯಿಂದ ಬರಬೇಕಾದ ಹಣ ಹನ್ನೊಂದು ತಿಂಗಳು ತಡವಾಯಿತು. ಅಷ್ಟು ದಿನ ಬಸ್ಸಿನವರಿಗೆ ನಾವು ಉತ್ತರ ಹೇಳಬೇಕಾಯಿತು. ಕೈಯಲ್ಲಿ ಸ್ವಲ್ಪ ಗಂಟು ಇಟ್ಟುಕೊಂಡೇ ಈ ದಾರಿ ಹಿಡಿಯಿರಿ.

ದುಡ್ಡು ಇದ್ದರೂ ಓಓಡಿ ಸಿಗದಿದ್ದರೆ ಯಾರೂ ಬರಲ್ಲ. ಅದಕ್ಕೇನು ಮಾಡ್ತೀರಿ?

ನಿಜ. ಓಓಡಿ ಅಂದರೆ ಶಾಲೆಯಿಂದ ಹೊರಗಿದ್ದ ದಿನವನ್ನೂ ಕೆಲಸದ ದಿನವೆಂದೇ ಲೆಕ್ಕ ಹಿಡಿಯುವ ಅನುಮತಿ. ಅದು ಇಲ್ಲದಿದ್ದರೆ ಮೇಷ್ಟ್ರು ತಮ್ಮ ಸಿಎಲ್ (ಸಾಂದರ್ಭಿಕ ರಜೆ) ಹಾಕಿ ಬರಬೇಕು. ಕಲಿಯಲು ಬರುವವರಿಗೆ ಅದು ದಂಡ ಹಾಕಿದಂತೆ. ದುಡ್ಡು ಹುಡುಕುವ ಮೊದಲೇ ಜಿಲ್ಲೆಯ ಡಿಡಿಪಿಐ (ಶಿಕ್ಷಣ ಉಪನಿರ್ದೇಶಕರು) ಅಥವಾ ತಾಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಕೊಡಿ. ಪತ್ರದಲ್ಲಿ ದಿನಾಂಕ, ಜಾಗ, ದಿನದ ವೇಳಾಪಟ್ಟಿ, ಪಠ್ಯದ ಯಾವ ಅಧ್ಯಾಯಕ್ಕೆ ಸಂಬಂಧ ಎಂಬುದು ಇರಲಿ. ಒಂದು ಶಾಲೆಯಿಂದ ಒಬ್ಬರಿಗಿಂತ ಜಾಸ್ತಿ ಕೇಳಬೇಡಿ. ಒಬ್ಬರೇ ಶಿಕ್ಷಕರಿರುವ ಶಾಲೆಯವರು ರಜೆಯಲ್ಲಿ ಮಾತ್ರ ಬರಬಲ್ಲರು.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಮಾಡಬೇಕು ಅನ್ನುತ್ತದೆ. ನಮ್ಮ ಎರಡು ದಿನ ಅಂದರೆ ಹದಿನಾರು ಗಂಟೆ. ಇದನ್ನು ಪತ್ರದಲ್ಲಿ ಬರೆದರೆ ಪ್ರಯೋಜನ ಇದೆ. ಅಧಿಕಾರಿಗಳನ್ನೂ ಒಂದು ಬೆಳಿಗ್ಗೆ ಕಲ್ಲಿನ ಹತ್ತಿರ ಕರೆಯಿರಿ. ಒಬ್ಬ ಬಿಇಒ ಭಾಷಣಕ್ಕೆ ಅಂತ ಬಂದವರು ನೋಟ್‌ಬುಕ್ ಕೇಳಿ ತಗೊಂಡು ಸಂಜೆವರೆಗೆ ಕೂತರು. ಮುಂದಿನ ವರ್ಷ ಓಓಡಿ ಪತ್ರಕ್ಕೆ ನಾವು ಎರಡನೇ ಸಲ ಹೋಗಬೇಕಾಗಲಿಲ್ಲ.

ಕಂಪನಿಗಳ ಸಿಎಸ್‌ಆರ್ ದುಡ್ಡು ತಗೊಳ್ಳೋದು ಹೇಗೆ?

ಕಂಪನಿ ಕಾಯ್ದೆ 2013ರ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಅನ್ನುವುದು ಇದನ್ನೇ. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಯಾವ ಯಾವ ಕೆಲಸಕ್ಕೆ ಅಂತ ಕಾಯ್ದೆಯ 7ನೇ ಅನುಸೂಚಿಯಲ್ಲಿ ಪಟ್ಟಿ ಇದೆ. ಅದರಲ್ಲಿ ಶಿಕ್ಷಣವೂ ಇದೆ, ರಾಷ್ಟ್ರೀಯ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆಯೂ ಇದೆ. ನಮ್ಮ ಕೆಲಸ ಎರಡಕ್ಕೂ ಸೇರುತ್ತದೆ. ಅರ್ಜಿಯಲ್ಲಿ ಎರಡನ್ನೂ ಬರೆಯಿರಿ.

ಎಡವುವ ಜಾಗಗಳು ಮೂರು.

ಮೊದಲನೆಯದು, ಒಂದೇ ಸಲದ ಸಮಾರಂಭ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಮ್ಯಾರಥಾನ್, ಪ್ರಶಸ್ತಿ, ಜಾಹೀರಾತಿನ ಪ್ರಾಯೋಜಕತ್ವ ಇಂಥವೆಲ್ಲ ಹೊರಗೆ ಅಂತ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸುತ್ತೋಲೆ ಹೊರಡಿಸಿದೆ. 'ಎರಡು ದಿನದ ಕಾರ್ಯಕ್ರಮಕ್ಕೆ ದುಡ್ಡು ಕೊಡಿ' ಅಂತ ಬರೆದರೆ ಅದೂ ಸಮಾರಂಭದ ಥರವೇ ಕಾಣುತ್ತದೆ. 'ಈ ತಾಲೂಕಿನ 90 ಶಿಕ್ಷಕರ ಜೊತೆ ಒಂದು ವರ್ಷ: ಮೂರು ಕಾರ್ಯಾಗಾರ, ಆರು ತಿಂಗಳ ಶಾಲಾ ಭೇಟಿ' ಅಂತ ಬರೆಯಿರಿ. ಸುಮ್ನೆ ಮಾತು ಬದಲಿಸಿ ಅಂತ ಹೇಳುತ್ತಿಲ್ಲ. ಕೆಲಸವೂ ಹಾಗೇ ಇರಬೇಕು.

ಎರಡನೆಯದು, ನಿಮ್ಮ ಸಂಸ್ಥೆಯ ಕಾಗದಪತ್ರ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆ ತುಂಬಿ ನೋಂದಣಿ ಸಂಖ್ಯೆ ಪಡೆದಿರಬೇಕು. ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಇರಬೇಕು. ಇಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು.

ಮೂರನೆಯದು ಕಾಲ. ಕಂಪನಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರವರಿಯಲ್ಲಿ ಕೆಲವರು 'ಮಾರ್ಚ್ ಒಳಗೆ ಮುಗಿಸಿ' ಅಂತ ದುಡ್ಡು ಹಿಡಿದು ಬರುತ್ತಾರೆ. ಆಗ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತು, ಹೈಸ್ಕೂಲ್ ಮೇಷ್ಟ್ರಿಗೆ ತಲೆ ಎತ್ತಲು ಆಗುವುದಿಲ್ಲ. ಬಾದಾಮಿಯ ಬಂಡೆಯೂ ಬಿಸಿಲಿಗೆ ಕಾದಿರುತ್ತದೆ. ಒಂದು ವರ್ಷ ನಾವು ಹಾಗೇ ಒಪ್ಪಿಕೊಂಡು ಕೈ ಸುಟ್ಟುಕೊಂಡೆವು. 30 ಜನ ಅಂದಿದ್ದಲ್ಲಿ 11 ಜನ ಬಂದರು. ಈಗ ಬೇಸಿಗೆಯಲ್ಲೇ ಮಾತು ಶುರು ಮಾಡಿ ದಸರೆ ರಜೆಗೋ ನವೆಂಬರ್‌ಗೋ ದಿನ ಗೊತ್ತು ಮಾಡುತ್ತೇವೆ. ನವೆಂಬರ್ 19ರಿಂದ 25 ವಿಶ್ವ ಪರಂಪರೆ ಸಪ್ತಾಹ. ಆಗ ಪುರಾತತ್ವ ಇಲಾಖೆಯವರೂ ಉತ್ಸಾಹದಲ್ಲಿರುತ್ತಾರೆ.

ಬೆಂಗಳೂರಿನ ದೊಡ್ಡ ಹೆಸರುಗಳ ಹಿಂದೆಯೇ ಓಡಬೇಡಿ. ತಮ್ಮ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತ ಕಾನೂನೇ ಹೇಳುತ್ತದೆ. ನಿಮ್ಮ ಜಿಲ್ಲೆಯ ಸಿಮೆಂಟ್ ಕಾರ್ಖಾನೆ, ಸಕ್ಕರೆ ಕಾರ್ಖಾನೆಗೆ ಮೊದಲು ಹೋಗಿ.

ನಾವು ರಿಜಿಸ್ಟರ್ ಆಗದ ಗೆಳೆಯರ ಬಳಗ. ನಮ್ಮ ಕೈಯಲ್ಲಿ ಆಗುತ್ತಾ?

ಆಗುತ್ತದೆ. ಮೊದಲ ಎರಡು ವರ್ಷ ಇನ್ನೊಂದು ಸಂಸ್ಥೆಯ ಆಸರೆಯಲ್ಲಿ ನಡೆಸಿ. ಇಂಟ್ಯಾಕ್ 1984ರಲ್ಲಿ ಹುಟ್ಟಿದ ಪರಂಪರೆ ಸಂಸ್ಥೆ. ಕರ್ನಾಟಕದಲ್ಲೂ ಅದರ ಶಾಖೆಗಳಿವೆ, ಶಾಲೆಗಳಲ್ಲಿ ಹೆರಿಟೇಜ್ ಕ್ಲಬ್ ಕಟ್ಟುವ, ಶಿಕ್ಷಕರಿಗೆ ಕಾರ್ಯಾಗಾರ ಮಾಡುವ ಅಭ್ಯಾಸ ಅವರಿಗಿದೆ. ಹತ್ತಿರದ ಕಾಲೇಜು, ಹಳೆಯ ವಿದ್ಯಾರ್ಥಿ ಸಂಘ, ಕನ್ನಡ ಸಾಹಿತ್ಯ ಪರಿಷತ್ತಿನ ತಾಲೂಕು ಘಟಕದ ಜೊತೆಗೂ ಕೈಜೋಡಿಸಬಹುದು.

ದುಡ್ಡು ಮಾತ್ರ ಯಾರ ಸ್ವಂತ ಖಾತೆಗೂ ಬೇಡ. ಎಷ್ಟೇ ನಂಬಿಕೆಯ ಗೆಳೆಯರಾದರೂ ಬೇಡ. ಎರಡನೇ ವರ್ಷ ಯಾರಾದರೂ ಲೆಕ್ಕ ಕೇಳಿದರೆ ಗೆಳೆತನವೂ ಹೋಗುತ್ತದೆ, ಕಾರ್ಯಾಗಾರವೂ ಹೋಗುತ್ತದೆ.

ನಮ್ಮ ಊರಿನ ಹುಡುಗರು ಅಮೆರಿಕದಲ್ಲಿದ್ದಾರೆ, ಕೊಡ್ತೀವಿ ಅಂತಾರೆ. ತಗೋಬಹುದಾ?

ಅವರ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆ ಅಂತ ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕೇ ಬೇಕು. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ, ಎಫ್‌ಸಿಆರ್‌ಎ ಇರುವ ಸಂಸ್ಥೆ ತಾನು ಪಡೆದದ್ದನ್ನು ನಿಮಗೆ ದಾಟಿಸುವಂತೆಯೂ ಇಲ್ಲ.

ನಾವು ಅಂಥವರಿಗೆ ಹೇಳುವುದು ಇಷ್ಟು: ನೀವು ಓದಿದ ಶಾಲೆಯ ಮೇಷ್ಟ್ರ ಹೆಸರು ಕೊಡಿ, ಊರಿಗೆ ಬಂದಾಗ ಒಂದು ದಿನ ನಮ್ಮ ಜೊತೆ ಬನ್ನಿ. ಊರಿನಲ್ಲಿರುವ ಅಣ್ಣ, ತಮ್ಮ, ಗೆಳೆಯರಿಗೆ ಹೇಳಿ. ಅವರು ತಮ್ಮ ದುಡ್ಡಿನಲ್ಲಿ ಕೊಟ್ಟರೆ ಯಾವ ತೊಡಕೂ ಇಲ್ಲ.

ಊರಿನವರಿಂದ ಸಣ್ಣ ಸಣ್ಣ ದುಡ್ಡು ಕೂಡಿಸೋದು ಪ್ರಯೋಜನ ಇದೆಯಾ?

ನಮಗೆ ಅತ್ಯಂತ ನಂಬಿಕೆ ಇರುವ ದಾರಿ ಇದೇ. ಮೇಲಿನ ಲೆಕ್ಕ ಮತ್ತೆ ನೋಡಿ. ಊಟ, ವಸತಿ ಸೇರಿ 46,800, ಅಂದರೆ ಮೂರನೇ ಒಂದು ಭಾಗ. ಇದು ದುಡ್ಡಾಗಿಯೇ ಬರಬೇಕಿಲ್ಲ. ಮಠದಲ್ಲಿ ದಾಸೋಹ ಇದೆ. ಕಲ್ಯಾಣ ಮಂಟಪ ವಾರದ ನಡುವೆ ಖಾಲಿ ಇರುತ್ತದೆ. ಒಂದು ಊರಿನಲ್ಲಿ ಸ್ವಸಹಾಯ ಸಂಘದ ಅಕ್ಕಂದಿರು ಎರಡು ದಿನ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿಕೊಟ್ಟರು. ಕಿರಾಣಿ ಅಂಗಡಿಯವರು ಜೋಳ, ಬೆಲ್ಲ ಕೊಟ್ಟರು. ಅಕ್ಕಂದಿರ ಕೂಲಿಯನ್ನು ಮಾತ್ರ ನಾವು ಪೂರ್ತಿ ಕೊಟ್ಟೆವು. ಅದನ್ನು ದಾನ ಅಂತ ತಗೊಳ್ಳಬೇಡಿ.

ಎರಡನೇ ದಿನ ಅವರೇ 'ಸರ್, ನೀವು ಅಲ್ಲಿ ಏನು ಓದ್ತೀರಿ, ನಮಗೂ ತೋರ್ಸ್ರಿ' ಅಂದರು. ಹುಟ್ಟಿದಾಗಿನಿಂದ ನೋಡಿದ ಗುಡಿಯ ಕಂಬದ ಮೇಲೆ, ದೀಪಕ್ಕೆ ಎಣ್ಣೆ ಕೊಟ್ಟವರ ಹೆಸರು ಇದೆ ಅಂತ ಅವತ್ತು ಅವರಿಗೆ ಗೊತ್ತಾಯಿತು.

ಬಂದ ವಸ್ತುವಿಗೂ ಬೆಲೆ ಕಟ್ಟಿ ಲೆಕ್ಕದಲ್ಲಿ ಬರೆಯಿರಿ. ಕಂಪನಿಗೆ ಅರ್ಜಿ ಹಾಕುವಾಗ 'ಊರಿನ ಪಾಲು ಇಷ್ಟು' ಅಂತ ತೋರಿಸಿದರೆ ತೂಕ ಬರುತ್ತದೆ. 80ಜಿ ರಸೀದಿ ಕೇಳುವ ದಾನಿಗಳಿಗೆ ಮೊದಲೇ ಹೇಳಿ: 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ತೆರಿಗೆ ವಿನಾಯಿತಿ ಇಲ್ಲ.

ಅಮೆರಿಕದಲ್ಲಿ ಟೀಚರ್‌ಗಳಿಗೇ ದುಡ್ಡು ಕೊಟ್ಟು ಕರೀತಾರಂತೆ, ನಿಜವಾ?

ನಿಜ. ಅಲ್ಲಿ 1965ರಲ್ಲಿ ಹುಟ್ಟಿದ ಮಾನವಿಕ ವಿಷಯಗಳ ರಾಷ್ಟ್ರೀಯ ದತ್ತಿ ಸಂಸ್ಥೆ, ಎನ್‌ಇಎಚ್, ಐತಿಹಾಸಿಕ ಸ್ಥಳಗಳಲ್ಲಿ ಶಾಲಾ ಶಿಕ್ಷಕರಿಗೆ ಒಂದು ವಾರದ ಕಾರ್ಯಾಗಾರ ನಡೆಸಲು ವಿಶ್ವವಿದ್ಯಾಲಯ, ವಸ್ತುಸಂಗ್ರಹಾಲಯಗಳಿಗೆ ಅನುದಾನ ಕೊಡುತ್ತಾ ಬಂದಿತ್ತು. ಬಂದ ಶಿಕ್ಷಕರಿಗೆ ಇತ್ತೀಚಿನ ವರ್ಷಗಳಲ್ಲಿ 1,300 ಡಾಲರ್ ಭತ್ಯೆ ಇತ್ತು. ಶಿಕ್ಷಕರ ಸಮಯಕ್ಕೆ ಬೆಲೆ ಇದೆ ಎಂಬ ಮಾತನ್ನು ನಾವು ಅಲ್ಲಿಂದ ಕಲಿಯಬೇಕು. 2025ರ ಏಪ್ರಿಲ್‌ನಲ್ಲಿ ಅದೇ ಸಂಸ್ಥೆಯ ಬಹಳಷ್ಟು ಅನುದಾನಗಳನ್ನು ಅಲ್ಲಿನ ಸರ್ಕಾರ ಇದ್ದಕ್ಕಿದ್ದಂತೆ ರದ್ದು ಮಾಡಿತು. ಒಂದೇ ಕೈಯ ಮೇಲೆ ನಿಂತರೆ ಏನಾಗುತ್ತದೆ ಎಂಬುದನ್ನೂ ಅಲ್ಲಿಂದಲೇ ಕಲಿಯಬೇಕು.

## ನಡೆಸಲು ಹೊರಟವರಿಗೆ

ಸ್ಮಾರಕದ ಒಳಗೆ ಕೂತು ಪಾಠ ಮಾಡಲು ಅನುಮತಿ ಬೇಕಾ?

ಮೊದಲು ಅದು ಯಾರ ರಕ್ಷಣೆಯಲ್ಲಿದೆ ನೋಡಿ. ನೀಲಿ ಫಲಕ ಓದಿ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯದಾದರೆ ಆಯಾ ವೃತ್ತದ ಅಧೀಕ್ಷಕರಿಗೆ ಬರೆಯಬೇಕು. ಬಾದಾಮಿ, ಐಹೊಳೆ, ಪಟ್ಟದಕಲ್ಲು ಧಾರವಾಡ ವೃತ್ತಕ್ಕೆ, ಬೇಲೂರು, ಹಳೇಬೀಡು, ಸೋಮನಾಥಪುರ ಬೆಂಗಳೂರು ವೃತ್ತಕ್ಕೆ ಸೇರುತ್ತವೆ. ಹಂಪಿಗೆ ತನ್ನದೇ ವೃತ್ತವಿದೆ. ರಾಜ್ಯ ಸಂರಕ್ಷಿತ ಸ್ಮಾರಕವಾದರೆ ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ.

ಟಿಕೆಟ್ ತಗೊಂಡು ನೋಡುವುದಕ್ಕೆ ಅನುಮತಿ ಬೇಡ. ಆದರೆ 36 ಜನ ಮೂರು ಗಂಟೆ ಕೂರುತ್ತೀರಿ ಅಂದರೆ ತಿಂಗಳು ಮೊದಲೇ ಪತ್ರ ಕೊಡುವುದು ಮರ್ಯಾದೆ. ಮೈಕು, ಶಾಮಿಯಾನ, ಊಟ ಒಳಗೆ ಬೇಡವೇ ಬೇಡ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಎಣ್ಣೆ, ನೀರು ಹಾಕಬೇಡಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸಾಕು, ಕಾಣದ ಅಕ್ಷರವೂ ಎದ್ದು ನಿಲ್ಲುತ್ತದೆ. ಶಾಸನದ ಅಚ್ಚು ತೆಗೆಯುವುದು ಅನುಮತಿ ಇರುವ ತಜ್ಞರ ಕೆಲಸ.

ಗೈಡ್ ಸಾಕಲ್ವಾ? ಸಂಪನ್ಮೂಲ ವ್ಯಕ್ತಿಗೆ ಯಾಕೆ ಅಷ್ಟು ಗೌರವಧನ?

ಗೈಡುಗಳಿಗೆ ಜಾಗದ ಬಗ್ಗೆ ಬಹಳ ಗೊತ್ತಿರುತ್ತದೆ. ಅವರನ್ನೂ ಕರೆಯಿರಿ, ಅವರಿಗೂ ದುಡ್ಡು ಕೊಡಿ. ಆದರೆ ಹಳಗನ್ನಡ ಲಿಪಿ ಓದಿಸಲು ಶಾಸನ ಕಲಿತವರೇ ಬೇಕು. ಅವರು ದೂರದಿಂದ ಬರುತ್ತಾರೆ, ಮೊದಲೇ ಒಂದು ವಾರ ಪಾಠ ತಯಾರಿಸುತ್ತಾರೆ. 'ಸೇವೆ ಅಂತ ಮಾಡಿ ಸರ್' ಅಂತ ಒಂದು ಸಲ ಹೇಳಬಹುದು. ಪ್ರತಿ ಸಲ ಹೇಳಿದರೆ ಅದು ಶೋಷಣೆ. ನಾಗಾವಿಯ ಭಂಡಾರಿಗರನ್ನು ನೆನಪಿಸಿಕೊಳ್ಳಿ.

ದುಡ್ಡು ಕೊಟ್ಟ ಕಂಪನಿಯವರು ಗುಡಿ ಮುಂದೆ ಬ್ಯಾನರ್ ಹಾಕಿ ಅಂತಾರೆ. ಏನು ಹೇಳೋದು?

ಸ್ಮಾರಕದ ಮೇಲೆ, ಮುಂದೆ ಬ್ಯಾನರ್ ಕಟ್ಟುವಂತಿಲ್ಲ ಅಂತ ಒಪ್ಪಂದದಲ್ಲೇ ಬರೆಯಿರಿ. ಅವರ ಹೆಸರು ನೋಟ್‌ಬುಕ್ಕಿನ ಒಳಪುಟದಲ್ಲಿ, ವರದಿಯಲ್ಲಿ ಬರಲಿ. ಒಂದು ಸಲ ನಾವು ಮೊದಲೇ ಮಾತಾಡಿಕೊಳ್ಳದೆ, ಬೆಳಗಿನ ಒಳ್ಳೆಯ ಬೆಳಕಿನ ಒಂದೂವರೆ ಗಂಟೆ ಫೋಟೋಗೆ ಹೋಯಿತು. ಓರೆ ಬಿಸಿಲು ದಿನಕ್ಕೆ ಎರಡೇ ಸಲ ಬರುತ್ತದೆ. ಈಗ ಫೋಟೋಗೆ ಮಧ್ಯಾಹ್ನ ಊಟದ ಮೇಲೆ ಹದಿನೈದು ನಿಮಿಷ ಅಂತ ವೇಳಾಪಟ್ಟಿಯಲ್ಲೇ ಇದೆ.

ಇತಿಹಾಸ ಹೀಗೇ ಹೇಳಿ ಅಂತ ದಾನಿಗಳು ಒತ್ತಡ ಹಾಕಿದರೆ?

ದುಡ್ಡು ವಾಪಸ್ ಕೊಡಿ. ನಾವು ಒಮ್ಮೆ ಕೊಟ್ಟಿದ್ದೇವೆ. ತಮ್ಮ ಮನೆತನದವರೇ ಆ ಗುಡಿ ಕಟ್ಟಿಸಿದ್ದು ಅಂತ ಹೇಳಿಸಬೇಕು ಎಂಬುದು ಅವರ ಆಸೆ. ಶಾಸನದಲ್ಲಿ ಬೇರೆಯೇ ಹೆಸರು ಇತ್ತು. ಏನು ಓದಬೇಕು, ಯಾರು ಓದಿಸಬೇಕು ಎಂಬುದು ನಡೆಸುವವರದೇ ತೀರ್ಮಾನ ಅಂತ ಮೊದಲ ಪತ್ರದಲ್ಲೇ ಒಂದು ಸಾಲು ಹಾಕಿ. ಆಮೇಲೆ ಜಗಳ ಇರುವುದಿಲ್ಲ.

ಪರಿಣಾಮ ತೋರಿಸಿ ಅಂತಾರೆ. ಇತಿಹಾಸದಲ್ಲಿ ಏನು ತೋರಿಸೋದು?

ಎರಡನೇ ದಿನ ಸಂಜೆ ತುಂಬಿಸುವ 'ತುಂಬಾ ಚೆನ್ನಾಗಿತ್ತು' ಎಂಬ ಹಾಳೆಯಿಂದ ಏನೂ ತಿಳಿಯುವುದಿಲ್ಲ. ಅದಕ್ಕೇ ಆರು ತಿಂಗಳಿಗೆ ಅಂತ 20,000 ಇಟ್ಟಿದ್ದು. ಆ ದುಡ್ಡಿನಲ್ಲಿ ಇಬ್ಬರು ಶಾಲೆಗಳಿಗೆ ಹೋಗಿ ಬರುತ್ತಾರೆ. ಮೂರು ವಿಷಯ ನೋಡುತ್ತೇವೆ. ಮೇಷ್ಟ್ರು ಹೊಸ ಪಾಠ ಯೋಜನೆ ಬರೆದಿದ್ದಾರಾ? ಮಕ್ಕಳನ್ನು ಊರಿನ ಯಾವುದಾದರೂ ಕಲ್ಲು, ಬಾವಿ, ಕೋಟೆಗೆ ಕರೆದೊಯ್ದಿದ್ದಾರಾ? ಮಕ್ಕಳು ತಾವೇ ಏನಾದರೂ ಬರೆದಿದ್ದಾರಾ? ಮೂವತ್ತರಲ್ಲಿ ಎಲ್ಲರೂ ಮಾಡಿರುವುದಿಲ್ಲ. ಮಾಡದವರ ಸಂಖ್ಯೆಯನ್ನೂ ವರದಿಯಲ್ಲಿ ಬರೆಯುತ್ತೇವೆ. ಅದನ್ನು ಓದಿದ ಮೇಲೂ ಎರಡನೇ ವರ್ಷ ದುಡ್ಡು ಕೊಟ್ಟವರು ಇದ್ದಾರೆ.

ಹಂಪಿ, ಬಾದಾಮಿ ನಮಗೆ ದೂರ. ನಮ್ಮ ತಾಲೂಕಿನಲ್ಲಿ ಅಂಥದ್ದೇನೂ ಇಲ್ಲ. ಹೇಗೆ ಮಾಡೋದು?

ರಾಯಚೂರು ಜಿಲ್ಲೆಯ ಮಸ್ಕಿಯನ್ನು ನೋಡಿ. 1915ರಲ್ಲಿ ಚಿನ್ನದ ಗಣಿ ಕೆಲಸದ ಇಂಜಿನಿಯರ್ ಒಬ್ಬರ ಕಣ್ಣಿಗೆ ಅಲ್ಲಿನ ಬಂಡೆಬರಹ ಬಿತ್ತು. 'ದೇವಾನಾಂಪಿಯ' ಅಂದರೆ ಅಶೋಕನೇ ಎಂಬುದಕ್ಕೆ ಹೆಸರಿನ ಸಾಕ್ಷಿ ಸಿಕ್ಕಿದ್ದು ಅಲ್ಲಿ. ಹಲ್ಮಿಡಿ ಒಂದು ಸಣ್ಣ ಹಳ್ಳಿ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಅಲ್ಲಿತ್ತು ಅಂತ 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಗುರುತಿಸಿದರು. ಬೆಂಗಳೂರಿನವರು ಬೇಗೂರಿನ ನಾಗೇಶ್ವರ ಗುಡಿಗೆ ಬಸ್ಸಿನಲ್ಲಿ ಹೋಗಿಬರಬಹುದು. ಸುಮಾರು ಕ್ರಿ.ಶ. 890ರ 'ಬೆಂಗಳೂರು ಕಾಳಗ'ದ ಶಾಸನ ಅಲ್ಲಿದೆ.

ತಾಲೂಕಿನ ಒಂದು ದಿನದ ಕಾರ್ಯಾಗಾರಕ್ಕೆ ವಸತಿ ಬೇಡ, ದೊಡ್ಡ ಬಸ್ಸೂ ಬೇಡ. ಖರ್ಚು ಬಹಳ ಇಳಿಯುತ್ತದೆ. ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿರುವ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳಲ್ಲಿ ನಿಮ್ಮ ತಾಲೂಕು ಇದ್ದರೆ ಆ ಪುಟ ತೆರೆಯಿರಿ. ಊರಿನ ಹೆಸರು ಹಿಡಿದು ಹೊರಡಿ.

ಹಾಗೆ ಹೊರಟ ಒಂದು ಗುಂಪಿನಲ್ಲಿ ಒಬ್ಬ ಟೀಚರ್ ಇದ್ದರು. ಬೆಳಿಗ್ಗೆ ವೀರಗಲ್ಲು ಓದುವುದು ಹೇಗೆ ಅಂತ ಕಲಿತೆವು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಅವರು ಎರಡು ನಿಮಿಷ ಸುಮ್ಮನೆ ನಿಂತು, 'ನಮ್ಮ ಶಾಲೆ ನಲ್ಲಿ ಹತ್ರ ಇಂಥದ್ದೇ ಒಂದು ಕಲ್ಲಿದೆ, ಮಕ್ಕಳು ತಟ್ಟೆ ತೊಳೆದು ಅದರ ಮೇಲೆ ಇಡ್ತಾರೆ' ಅಂದರು. ಊಟ ಮುಗಿಸಿ ಎಲ್ಲರೂ ಅಲ್ಲಿಗೇ ಹೋದೆವು. ಹತ್ತೊಂಬತ್ತು ಜನ, ಎರಡು ಟಂಟಂ ಆಟೋ. ಕಲ್ಲು ಅಂಗಾತ ಮಲಗಿತ್ತು. ಮೇಲೆ ಅನ್ನದ ಅಗುಳು, ಪಾಚಿ. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದ ಒಬ್ಬ, ಅವನ ಹಿಂದೆ ಮೂರು ದನ. ತುರು ಕಾಯ್ದು ಸತ್ತವನು. ಟೀಚರ್ ಮೊಣಕಾಲೂರಿ ಕೂತು ಬರಿಗೈಯಲ್ಲಿ ಅಗುಳುಗಳನ್ನು ಒಂದೊಂದಾಗಿ ತೆಗೆದರು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಸುದ್ದಿ ಕೇಳಿ ಹೊಲದಿಂದ ಬಂದರು. ತಟ್ಟೆ ಇಡಲು ಬೇರೆ ಕಟ್ಟೆ ಕಟ್ಟಿಸಲು ಎಷ್ಟು ಸಿಮೆಂಟ್ ಬೇಕು ಅಂತ ಅಲ್ಲೇ ನಿಂತು ಲೆಕ್ಕ ಹಾಕಿದರು. ಅವತ್ತಿನ ಪೂರ್ತಿ ಖರ್ಚು 9,700 ರೂಪಾಯಿ.